ಎಡಗಡೆಯ ಗಿಟಾರ್

ಡನೀಡಿನ್ನಿನಲ್ಲಿ ಜುಲೈ ಎಂದರೆ ಐದಕ್ಕೇ ಕತ್ತಲು.
ಬಂದರಿನ ಗಾಳಿ ಬಾಗಿಲ ಸಂದಿಯಲ್ಲಿ ಶಿಳ್ಳೆ ಹಾಕುತ್ತದೆ,
ಅದೂ ಅಪಸ್ವರದಲ್ಲಿ.
ಮಾರ್ನಾಳ ರೆಕಾರ್ಡ್ ಅಂಗಡಿಗೆ ಶುಕ್ರವಾರ ಶುಕ್ರವಾರ
ನಾವು ನಾಲ್ವರು ಬರುತ್ತೇವೆ, ಕೊಳ್ಳುವುದಕ್ಕಲ್ಲ.
ಅವಳಿಗೂ ಗೊತ್ತು.
ಏನೂ ಅನ್ನದೆ ಹೀಟರನ್ನು ನಮ್ಮ ಕಡೆ ತಿರುಗಿಸುತ್ತಾಳೆ.

ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು.
ನಮ್ಮ ಡ್ರಮ್ಮಿನ ಏಟಿಗೆ ಒಮ್ಮೆ ಅವರ ಕೈ ನಡುಗಿ
ಯಾರದೋ ಒಳ್ಳೆಯ ಹಲ್ಲೇ ಹೋಯಿತಂತೆ.
ಅಂದಿನಿಂದ ಹೆಡ್‌ಫೋನೇ ಗತಿ.
ಅದೂ ಒಂದೇ, ಸರದಿಯ ಮೇಲೆ,
ಒಬ್ಬರ ಕಿವಿಯ ಬಿಸಿ ಇನ್ನೊಬ್ಬರ ಕಿವಿಗೆ.

'ಮೊದಲ ಆಲ್ಬಮ್ಮೇ ಆಲ್ಬಮ್ಮು' ಎನ್ನುತ್ತಾಳೆ ನೈರಿ,
ಶಾಲೆಯ ಅಡುಗೆಮನೆಯ ಏಪ್ರನ್ನು ಇನ್ನೂ ಬಿಚ್ಚಿಲ್ಲ.
'ಎರಡನೆಯದಕ್ಕೆ ದುಡ್ಡು ಬಂತು,
ಮೂರನೆಯದಕ್ಕೆ ಹೆಂಡತಿ ಬಿಟ್ಟಳು,
ನಾಲ್ಕನೆಯದಕ್ಕೆ ದೇವರು ಸಿಕ್ಕ.
ಹಾಡು ಮಾತ್ರ ಆಮೇಲೆ ಸಿಗಲೇ ಇಲ್ಲ ಪಾಪ.'

ಫರ್ಗಸ್‌ಗೆ ಹತ್ತೊಂಬತ್ತು.
ತಾನು ಹುಟ್ಟುವ ಮೊದಲೇ ಮುರಿದುಬಿದ್ದ ವೆಟ್ ಮ್ಯಾಚಸ್ ಬ್ಯಾಂಡಿಗಾಗಿ
ನಮ್ಮೆಲ್ಲರಿಗಿಂತ ಹೆಚ್ಚು ಅತ್ತವನು.
ತಡವಾಗಿ ಬಂದವರ ಪ್ರೀತಿಯೇ ಹಾಗೆ,
ಎಲೆ ಎತ್ತಿದ ಮೇಲೂ ಪಂಕ್ತಿಯಲ್ಲಿ ಕೂತಿರುತ್ತದೆ.

ನಾನು ಅಂಚೆ ಕಚೇರಿ.
ನನ್ನ ಅಭಿಪ್ರಾಯಗಳು ಇವರಿಗೆ ಗೊತ್ತು, ಒಂದನ್ನು ಬಿಟ್ಟು:
ಮನೆಯಲ್ಲಿ ಒಬ್ಬನೇ ಇದ್ದಾಗ ನಾನು ಕೇಳುವುದು
ಇವರೆಲ್ಲ ಉಗಿಯುವ, ಮದುವೆಗಳಲ್ಲಿ ಕುಣಿಯುವ ಹಾಡುಗಳನ್ನು.

ಇನ್ನು ರಾವಿರಿ.
ರೈಲು ಕಾರ್ಖಾನೆಯಲ್ಲಿ ಮೂವತ್ತು ವರ್ಷ,
ರಾತ್ರಿಯಾದರೆ ಪಬ್ಬಿನ ಸ್ಪೀಕರಿಗೆ ಒರಗಿಕೊಂಡು ಇನ್ನೊಂದು ಪಾಳಿ.
ಎರಡನೆಯ ಬದಿಯ ಮೂರನೆಯ ಹಾಡಲ್ಲಿ
ಇರುವುದು ಒಂದೇ ಗಿಟಾರ್, ಅಂತ ಅವನ ಹಟ.
ಎರಡು, ಅಂತ ನಾವು ಮೂವರು.
'ಎರಡನೆಯದು ನಿಮ್ಮ ಭ್ರಮೆ. ಬಿಯರ್ ಕಡಿಮೆ ಮಾಡಿ.'
ಅವನು ಹಿಡಿದ ಮೊಲಕ್ಕೆ ಮೂರೇ ಕಾಲು;
ಈ ಗುಡ್ಡಗಳಲ್ಲಿ ಮೊಲಗಳಿಗೇನೂ ಬರವಿಲ್ಲ.
ಎರಡು ವರ್ಷ ಜಗಳ.
ರೆಕಾರ್ಡಿನ ಕವರ್ ತೋರಿಸಿದೆವು, ಇಬ್ಬರ ಹೆಸರಿದೆ.
'ಸಂಬಳಕ್ಕೆ ಬರೆಸಿರುತ್ತಾರೆ' ಅಂದ.

ಕಳೆದ ಶುಕ್ರವಾರ ಕರೆಂಟು ಹೋಗಿ ಬಂತು.
ಆ ಗಡಿಬಿಡಿಯಲ್ಲಿ ಅವನು ಹೆಡ್‌ಫೋನನ್ನು
ಹಿಂದುಮುಂದಾಗಿ ಹಾಕಿಕೊಂಡ.
ಯಾರೂ ನೋಡಲಿಲ್ಲ.
ಅದೇ ಹಾಡು. ಮೊದಲ ಸಾಲು ದಾಟಿತು.
ಅವನ ಕೈ ಗಾಳಿಯಲ್ಲಿ ನಿಂತಿತು,
ಬಿಸ್ಕತ್ತು ಚಹಾದೊಳಗೆ ಕಳಚಿ ಬಿತ್ತು.

'ಇದು ಯಾರು?' ಅಂದ.
ಹೆಡ್‌ಫೋನು ಹಾಕಿಕೊಂಡವರ ದೊಡ್ಡ ದನಿಯಲ್ಲಿ,
ಮೇಲಿನ ಡ್ರಿಲ್ಲು ಕೂಡ ಒಂದು ಕ್ಷಣ ಸುಮ್ಮನಾಯಿತು.
'ಯಾರಿದು, ಇಷ್ಟು ಮೆತ್ತಗೆ,
ಒಳಗೆ ಬರಲೋ ಬೇಡವೋ ಅನ್ನುವ ಹಾಗೆ ನುಡಿಸುತ್ತಿರುವವನು?'
ಆಮೇಲೆ, ಹುಬ್ಬು ಗಂಟಿಕ್ಕಿ:
'ಮತ್ತೆ ನಮ್ಮವನೆಲ್ಲಿ ಹೋದ?'

ನಮಗೆ ಅರ್ಥವಾಯಿತು.
ಫರ್ಗಸ್ ಬಾಯಿ ತೆರೆದ, ನೈರಿ ಅವನ ಕಾಲು ತುಳಿದಳು.
ಎರಡು ವರ್ಷ ನಾವು ಗೆಲ್ಲಲು ಹೊರಟಿದ್ದು
ಒಂದು ಕಿವಿಯ ಮೇಲೆ.

ರಾವಿರಿ ಹೆಡ್‌ಫೋನು ತೆಗೆದ, ತಿರುಗಿಸಿ ಹಾಕಿದ,
ಮತ್ತೆ ತೆಗೆದ, ತಿರುಗಿಸಿದ.
ಎರಡು ಕೋಣೆಗಳ ನಡುವಿನ ಬಾಗಿಲನ್ನು
ತೆರೆದು ಮುಚ್ಚಿ ನೋಡುವ ಮಗುವಿನ ಹಾಗೆ.
ಮಾರ್ನಾ ಬಂದು ಮುಳ್ಳನ್ನೆತ್ತಿ
ಅದೇ ಹಾಡಿನ ಮೊದಲಿಗೆ ಇಟ್ಟಳು. ಐದು ಸಲ. ಆರೋ ಏನೋ.
ಅಂಗಡಿ ಮುಚ್ಚುವ ಹೊತ್ತು ಮೀರಿತ್ತು.

ಈ ಶುಕ್ರವಾರ ಅವನ ಬಲಕ್ಕೆ ಕೂರಲು
ನಮ್ಮಲ್ಲಿ ಸಣ್ಣ ನೂಕಾಟ;
ಯಾಕೆಂದು ಯಾರೂ ಹೇಳಲಿಲ್ಲ.
'ಈಗಲಾದರೂ ಒಪ್ಪುತ್ತೀಯಾ?' ಎಂದಳು ನೈರಿ.
ರಾವಿರಿ ಮೀಸೆಯ ಮೇಲಿನ ಚಹಾ ಒರೆಸಿಕೊಂಡ.
'ಒಂದೇ ಗಿಟಾರ್' ಅಂದ,
'ಒಂದು ಸಲಕ್ಕೆ.'